ಘಟ್ಟದ ಕೆಳಗಿನ ಮಾರಿಗೆ ಮುಡಿ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಬೆಳಕವಾಡಿಯ ನಮಗೆ ಯುದ್ಧವೆಂದರೆ ಸೀಮೆಎಣ್ಣೆ ಸಿಗದಿರುವುದು, ಮಳವಳ್ಳಿಯ ಬಸ್ಸು ಇದ್ದಿಲು ಉರಿಸಿಕೊಂಡು ಕೆಮ್ಮುತ್ತಾ ಬರುವುದು, ಇಷ್ಟೇ. ನನ್ನ ಮಟ್ಟಿಗೆ ಇನ್ನೂ ಒಂದಿತ್ತು. ಎಂಟು ವರ್ಷದ ಗಂಡುಹುಡುಗನ ಬೆನ್ನಮೇಲೆ ಸೊಂಟ ಮುಟ್ಟುವ ಜಡೆ.

ಅದಕ್ಕೆ ಕಾರಣ ನಮ್ಮಪ್ಪನ ತಾಯಿ. ನಾವು ಅವಳನ್ನು ಅವಳ ತಮಿಳಿನಂತೆಯೇ ಆತ್ತಾ ಎನ್ನುತ್ತಿದ್ದೆವು, ಊರಿನವರು ಘಟ್ಟದಜ್ಜಿ ಎನ್ನುತ್ತಿದ್ದರು. ಶಿವನಸಮುದ್ರದಲ್ಲಿ ಕರೆಂಟು ತೆಗೆಯಲು ಕಾಲುವೆ ತೋಡುವಾಗ ಗಂಡನ ಜೊತೆ ಸತ್ಯಮಂಗಲದ ಘಟ್ಟ ಹತ್ತಿ ಕೂಲಿಗೆ ಬಂದವಳು. ಕರೆಂಟು ನಮ್ಮೂರನ್ನು ಬಿಟ್ಟು ಎಲ್ಲೆಲ್ಲಿಗೋ ಹೋಯಿತು. ಆತ್ತಾ ಇಲ್ಲೇ ಉಳಿದಳು. ತಾತ ಬೇಗ ತೀರಿಕೊಂಡರು. ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ಮಗನನ್ನು ಬೆಳೆಸಿದಳು. ನಲವತ್ತು ವರ್ಷದಲ್ಲಿ ಅವಳ ಮಾತು ಕನ್ನಡವಾಯಿತು, ಮುದ್ದೆ ನುಂಗುವುದೂ ಬಂತು. ದೇವರನ್ನು ಮಾತ್ರ ಬದಲಾಯಿಸಲಿಲ್ಲ. ಅವಳ ಮಾರಿ ಘಟ್ಟದ ಕೆಳಗೆ, ಭವಾನಿ ಹೊಳೆಯ ದಂಡೆಯಲ್ಲೇ ಇದ್ದಳು.

ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ನಾನು ಹುಟ್ಟಿದಾಗ ಆತ್ತಾ ಹರಕೆ ಹೊತ್ತಳು: ಮಗು ಉಳಿದರೆ ಮೊದಲ ಮುಡಿ ಆ ಮಾರಿಗೆ, ಅಲ್ಲಿಯವರೆಗೆ ತಲೆಗೆ ಕತ್ತಿ ಸೋಕಬಾರದು. ಸೋಕಿದರೆ ಆ ಇಬ್ಬರ ಹಾಗೆ ನಾನೂ ಹೋಗುತ್ತೇನೆ ಎಂದು ಅವಳು ನಂಬಿದ್ದಳು. ಒಂದು ವರ್ಷ ಅಮ್ಮನಿಗೆ ಕಾಯಿಲೆ, ಒಂದು ವರ್ಷ ಎತ್ತು ಸತ್ತಿತು, ಆಮೇಲೆ ಯುದ್ಧ. ಹೊರಡುವುದು ಮುಂದಕ್ಕೆ ಹೋಗುತ್ತಲೇ ಇತ್ತು, ಕೂದಲು ಬೆಳೆಯುತ್ತಲೇ ಇತ್ತು.

ಶನಿವಾರ ಬಂತೆಂದರೆ ನನ್ನ ತಲೆಗೆ ಹರಳೆಣ್ಣೆ ತಿಕ್ಕಿ, ಕಣ್ಣು ಉರಿಯುವಂತೆ ಸೀಗೆಕಾಯಿ ಹಾಕಿ ಉಜ್ಜುತ್ತಿದ್ದಳು. ಮಿಕ್ಕ ಎಣ್ಣೆ ಅವಳಿಗೆ. ಅರವತ್ತು ದಾಟಿದ್ದರೂ ಅವಳ ತುರುಬು ಎರಡು ಮುಷ್ಟಿ ತುಂಬುತ್ತಿತ್ತು. ಅದೊಂದರ ಬಗ್ಗೆ ಅವಳಿಗೆ ಜಂಬ. ಬಾವಿಗೆ ಬಂದ ಹೆಂಗಸರು ಹೊಗಳಿದರೆ ಬಿಚ್ಚಿ, ಕೊಡವಿ, ನಿಧಾನವಾಗಿ ಮತ್ತೆ ಕಟ್ಟುತ್ತಿದ್ದಳು.

ನನ್ನ ಜಡೆಗೆ ಹೊಗಳಿಕೆ ಇರಲಿಲ್ಲ. ಚಿನ್ನಿದಾಂಡು ಆಡಲು ನಿಂತರೆ ಹುಡುಗರು, "ಓಗವ್ವಾ, ಕುಂಟೆಬಿಲ್ಲೆ ಆಡೋಗು" ಎನ್ನುತ್ತಿದ್ದರು. ಕ್ಷೌರಿಕನ ಹತ್ತಿರ ಹೋಗಿ ಬೇಡಿಕೊಂಡೆ. "ಅರಕೆ ಕೂದ್ಲು ಕಣಪ್ಪ. ನನ್ ಮಕ್ಳೂ ಬದುಕ್ಬೇಕು, ಓಗು" ಎಂದು ಓಡಿಸಿದ. ಕೊನೆಗೆ ಕುರಿ ಸಾಕುವವರ ಮನೆಯ ಕೆಂಪ ಒಪ್ಪಿದ. ನನ್ನನ್ನು ಕುರಿ ಹಟ್ಟಿಯಲ್ಲಿ ಕೂರಿಸಿ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದು ಕೇಳಿದ:

"ಕತ್ತರ್ಸಿಬುಡ್ಲಾ?"

"ಕತ್ತರ್ಸು ಕಣ್ಲಾ."

ಹೊಡೆತ ಬೀಳುತ್ತದೆ ಎಂದುಕೊಂಡೇ ಮನೆಗೆ ಹೋದೆ. ಆತ್ತಾ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟವಳು ಮೊದಲು ನನ್ನ ಹಣೆ ಮುಟ್ಟಿ, ಕತ್ತು ಮುಟ್ಟಿ, ಜ್ವರ ಬಂದಿದೆಯೇ ಎಂದು ನೋಡಿದಳು.

"ಕೂದ್ಲು ಎಲ್ಲೈತೆ, ಕಣ್ಣು?"

ಮುದ್ದಿಗೆ ನನ್ನನ್ನು ಕಣ್ಣು ಎನ್ನುತ್ತಿದ್ದವಳು ಅಷ್ಟೇ ಕೇಳಿದ್ದು. ಕುರಿ ಹಟ್ಟಿಗೆ ಹೋಗಿ ಕೂತು, ಹಿಕ್ಕೆಯ ನಡುವಿನಿಂದ ಒಂದೊಂದೇ ಎಳೆ ಆರಿಸಿ, ತೊಳೆದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿದಳು.

"ಸುಗ್ಗಿ ಮುಗೀಲಿ ಕಣವ್ವ, ನಾನೇ ಕರ್ಕೊಂಡೋಯ್ತೀನಿ" ಎಂದ ಅಪ್ಪ.

"ಇವ್ನಿಗೆ ಏನಾರಾ ಆಗೋದು ಸುಗ್ಗಿ ಮುಗಿಯಗಂಟ ಕಾಯ್ತದಾ?"

ಮಾರನೆಯ ಬೆಳಿಗ್ಗೆ ಆ ಕೂದಲ ಗಂಟು ಹಿಡಿದು, ಕೊಳ್ಳೇಗಾಲದ ಕಡೆ ಹೊರಟಿದ್ದ ಗಾಡಿಗಳ ಹಿಂದೆ ಒಬ್ಬಳೇ ತನ್ನ ಮಾರಿಯ ಹತ್ತಿರ ನಡೆದೇ ಹೋದಳು. ಹತ್ತನೆಯ ದಿನ ನನಗೆ ನೆಗಡಿಯಾಯಿತು. ಸತ್ತೇ ಹೋಗುತ್ತೇನೆಂದು ಹೆದರಿ ಅಮ್ಮನ ಸೆರಗು ಬಿಡಲಿಲ್ಲ. ಸಾಯಲಿಲ್ಲ, ಹಸಿ ಅವರೆಕಾಯಿ ತಿಂದು ಹೊಟ್ಟೆ ಉಬ್ಬರಿಸಿಕೊಳ್ಳುವಷ್ಟು ಚೆನ್ನಾಗಿಯೇ ಇದ್ದೆ.

ತಿಂಗಳಾಗುವ ಹೊತ್ತಿಗೆ ಆತ್ತಾ ಬಂದಳು. ಹಿಮ್ಮಡಿ ಸೀಳಿ ರಕ್ತ ಒಣಗಿತ್ತು. ಸೆರಗನ್ನು ತಲೆಗೆ ಬಿಗಿಯಾಗಿ ಹೊದ್ದಿದ್ದಳು. ನನ್ನ ಹಣೆಗೆ ಕುಂಕುಮ ಇಡಲು ಬಗ್ಗಿದಾಗ ಸೆರಗು ಜಾರಿತು. ತಲೆ ಬೋಳಾಗಿತ್ತು.

"ಅಯ್ಯೋ ಅತ್ತೆಮ್ಮ, ಇದೇನ್ ಮಾಡ್ಕಂಡ್ರಿ!" ಎಂದು ಅಮ್ಮ ಅತ್ತುಬಿಟ್ಟಳು.

"ಇವ್ನ್ ಕೂದ್ಲ ಎಲ್ಲೋ ಕತ್ತರ್ಸಿ ತಂದಿದ್ದಲ್ವಾ, ತಪ್ಪುಕಾಣಿಕೆ ಬ್ಯಾಡ್ವಾ? ನಂದೂ ಕೊಟ್ಬುಟ್ಟೆ. ಬೆಳೀತದೆ, ಬುಡು."

ಬೆಳೆಯಲಿಲ್ಲ. ಅಲ್ಲೊಂದು ಇಲ್ಲೊಂದು ಬಿಳಿ ಎಳೆ ಬಂದವು, ಅಷ್ಟೆ. ನನ್ನ ಜಡೆ ನೋಡಿ ನಗುತ್ತಿದ್ದ ಊರು ಈಗ ಅವಳ ತಲೆ ನೋಡಿ ನಕ್ಕಿತು. ಆತ್ತಾ ಕೂಡ ನಕ್ಕಳು. ಆದರೆ ಬಾವಿಗೆ ಎಲ್ಲರೂ ಬರುವ ಮುಂಚೆಯೇ ಹೋಗಿ ಬರತೊಡಗಿದಳು. ನಾನು ಮಾತ್ರ ಕ್ರಾಪು ಬಿಟ್ಟುಕೊಂಡು ಚಿನ್ನಿದಾಂಡು ಆಡಿದೆ. ಅವಳು ತೊಂಬತ್ತು ದಾಟಿ ಬದುಕಿದಳು. ಅಷ್ಟು ವರ್ಷದಲ್ಲಿ ತಪ್ಪಾಯಿತು ಆತ್ತಾ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ನನಗೀಗ ಎಂಬತ್ತೈದರ ಮೇಲಾಗಿದೆ. ಆ ಮಾರಿಯನ್ನು ನಾನು ನಂಬುವುದಿಲ್ಲ. ಮಕ್ಕಳು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವಯಸ್ಸಿಗೆ ತಕ್ಕ ಹಾಗಿದ್ದಾರೆ ಎಂದು ಡಾಕ್ಟರು ಹೇಳಿದರೆ ಅವರಿಗೆ ಸಮಾಧಾನ, ನನಗೂ ಸಮಾಧಾನ. ಒಳ್ಳೆಯ ಮಕ್ಕಳೇ. ಆದರೆ ನಾನು ಬದುಕಲೇಬೇಕು ಎಂದು ಹಟ ಹಿಡಿದು ಹೊರಟವಳು ಅವಳೊಬ್ಬಳೇ. ಅವಳು ಹೋದ ಮೇಲೆ ಹಾಗೆ ಹಟ ಹಿಡಿಯುವವರು ಯಾರೂ ಬರಲಿಲ್ಲ.