ನನಗಿಂತ ಮೊದಲು ಗಾಡಿ ಕರೆಯುತ್ತಿದ್ದ ಕಾಕು

ಇವತ್ತು ಗಾಡಿಯ ಹಿಂಬಾಗಿಲು ತೆರೆದಾಗ ಮಿಶ್ರಿಯ ವಾಸನೆ ಬಂತು. ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ. ನಮ್ಮ ಕಡೆಯ ಹಳೆಯ ಹೆಂಗಸರು ಹಲ್ಲಿಗೆ ತಿಕ್ಕುವುದು; ಕಾಕುವೂ ತಿಕ್ಕುತ್ತಿದ್ದರು. ಡ್ರೈವರ್ ಗಾಡಿ ತೊಳೆದು ಊದಿನಕಡ್ಡಿ ಹಚ್ಚಿದ್ದ. ಆದರೂ ವಾಸನೆ ಇತ್ತು. ಅಥವಾ ಇರಲಿಲ್ಲವೋ ಏನೋ… ಕಾಕು ತೀರಿಕೊಂಡು ಬಹಳ ದಿನವಾಯಿತು. ವಾಸನೆ ಅಷ್ಟು ದಿನ ಉಳಿಯುತ್ತದೆಯೇ?

ಅಂಕಲಿಯಲ್ಲಿ ಅವರದು ನಮ್ಮ ಪಕ್ಕದ ಮನೆ; ಊರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಸಕ್ಕರೆ ಕಾಯಿಲೆಗೆ ಒಂದು ಕಾಲು ಕಳೆದುಕೊಂಡಿದ್ದರು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿದ ವರ್ಷ ಬೈಕಿನಿಂದ ಬಿದ್ದೆ; ಮತ್ತೆ ಎದ್ದು ನಿಲ್ಲಲಿಲ್ಲ. ಒಂದೇ ಗೋಡೆಯ ಆಚೆ ಈಚೆ ಎರಡು ಗಾಲಿಕುರ್ಚಿ. ಗಾಡಿ ಮಾತ್ರ ಒಂದೇ.

ಗಾಡಿ ನಮ್ಮ ಬಸದಿಯದು. ವರ್ಷದ ಅಭಿಷೇಕದ ದಿನ ಮೊದಲ ಕಲಶಕ್ಕೆ ಸವಾಲು ಕೂಗುತ್ತಾರೆ. ಹೆಚ್ಚು ಕೂಗಿದವರಿಗೆ ಕಲಶ. ಆ ಹಣದಲ್ಲಿ ಕಮಿಟಿಯವರು ಹಳೆಯ ವ್ಯಾನೊಂದನ್ನು ಕೊಂಡು, ಕುರ್ಚಿ ಸಮೇತ ಏರುವಂತೆ ಹಿಂದೆ ಇಳಿಜಾರು ಹಲಗೆ ಮಾಡಿಸಿದ್ದರು. ಯಾವ ಜಾತಿಯವರು ಫೋನ್ ಮಾಡಿದರೂ ಬರುತ್ತಿತ್ತು. ಮೊದಲು ಕರೆದವರಿಗೆ ಮೊದಲು. ಅದಕ್ಕೂ ಮುಂಚೆ ತಮ್ಮ ನನ್ನನ್ನು ಎತ್ತಿ ಕಾರಿನಲ್ಲಿ ಕೂಡಿಸುತ್ತಿದ್ದ. ಓಣಿಯವರೆಲ್ಲ ನಿಂತು ನೋಡುತ್ತಿದ್ದರು.

ಆದರೆ ಮೊದಲು ಕರೆಯುತ್ತಿದ್ದವರು ಯಾವಾಗಲೂ ಕಾಕು. ನಿಪ್ಪಾಣಿಯಲ್ಲಿ ಬಳೆ, ರಾಯಬಾಗದಲ್ಲಿ ಬಸುರಿಯ ಕುಬಸ, ಅಥಣಿಯಲ್ಲಿ ಯಾರದೋ ಮದುವೆ. ಏನೂ ಇಲ್ಲದ ದಿನ ಕೃಷ್ಣಾ ಸೇತುವೆಯ ಮೇಲಿನ ಗಾಳಿ. ನಾನು ಚಿಕ್ಕೋಡಿಯ ಗ್ರಂಥಾಲಯಕ್ಕೆ ಹೋಗಲೋ ಬೇಡವೋ ಎಂದು ಯೋಚಿಸಿ, ಡ್ರೈವರನಿಗೆ ಹೇಳಲು ‘ತಾಲೂಕು ಆಫೀಸಿನ ಕೆಲಸ’ ಎಂಬ ನೆಪ ಹೊಂದಿಸುವಷ್ಟರಲ್ಲಿ ಕಾಕು ಹಲಗೆ ಏರಿಬಿಟ್ಟಿರುತ್ತಿದ್ದರು.

“ಏನವಾ, ಇವತ್ತೂ ನಾನ ಮೊದಲ ಹಚ್ಚಿದ್ನೇನ? ಫೋನ್ ಹಚ್ಚಾಕ ಎಂ.ಎ. ಕಲಿಸಿಲ್ಲೇನ ನಿಮ್ಮ ಧಾರವಾಡದಾಗ?”

“ಹೋಗಿ ಬರ್ರಿ, ಕಾಕು,” ಎಂದು ನಗುತ್ತಿದ್ದೆ. ಹೊಟ್ಟೆಯೊಳಗೆ ಉರಿಯುತ್ತಿತ್ತು. ಬಸದಿ ನಮ್ಮದು, ಸವಾಲು ಕೂಗಿದವರು ನಮ್ಮವರು, ಸುತ್ತಾಡುವವರು ಮಾತ್ರ ಅವರು. ಆದರೆ ನನ್ನ ಹೊಟ್ಟೆಕಿಚ್ಚು ನಿಜಕ್ಕೂ ಗಾಡಿಯ ಮೇಲಿತ್ತೇ? ಸುಮ್ಮನೆ ಹೋಗಬೇಕೆನಿಸಿದರೆ ಅವರು ಸುಮ್ಮನೆ ಹೋಗಿಬಿಡುತ್ತಿದ್ದರಲ್ಲ, ಅದರ ಮೇಲಿತ್ತೇ?

ಒಂದು ವರ್ಷ ಡೀಸೆಲ್ ಖರ್ಚು ಕೈಮೀರಿತು. ಸವಾಲಿನ ದಿನ ಊರೆಲ್ಲ ಬಸದಿಯ ಅಂಗಳದಲ್ಲಿ ಸೇರಿದ್ದಾಗ, ಇನ್ನು ಮುಂದೆ ಗಾಡಿ ದವಾಖಾನೆಗೆ ಮಾತ್ರ ಎಂದರು ಕಮಿಟಿಯ ಹಿರಿಯರು. ನನ್ನ ಗ್ರಂಥಾಲಯ ಅಲ್ಲಿಗೆ ಮುಗಿಯಿತು. ನಾನು ಬಾಯಿ ತೆರೆಯುವ ಮೊದಲೇ… ತೆರೆಯುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ… ಹಿಂದಿನಿಂದ ಕಾಕು ದನಿ ಬಂತು.

“ಯಾಕ್ರಿ ಅಣ್ಣಾ?”

“ದವಾಖಾನಿಗೆ ಬ್ಯಾಡ ಅನ್ನಂಗಿಲ್ರಿ. ಬಳಿ ಇಡಿಸ್ಕೊಳ್ಳಾಕ, ಗಾಳಿ ತಗೊಳ್ಳಾಕ ಅಂದ್ರ ಹೆಂಗ್ರಿ, ಕಾಕು?”

“ನೀವು ದಿನಾ ಸಂಜೀಕ ಸ್ಟ್ಯಾಂಡಿಗೆ ಚಾ ಕುಡ್ಯಾಕ ಹೊಂಟಾಗ, ಯಾಕ ಹೊಂಟಿ ಅಂತ ನಿಮ್ಮ ಕಾಲು ನಿಮ್ಮನ್ನ ಕೇಳ್ತಾವೇನ್ರಿ?”

ಹೆಂಗಸರ ಕಡೆ ನಗು ಎದ್ದಿತು. ಹಿರಿಯರೂ ಮೀಸೆಯೊಳಗೇ ನಕ್ಕರು. ನಗು ಇಳಿಯುವುದರೊಳಗೆ ಕಾಕು ಇನ್ನೊಂದು ಮಾತು ಎತ್ತಿದರು: ಕಲಶಕ್ಕೆ ಕೂಗಿದಂತೆ ಗಾಡಿಗೂ ಸವಾಲು ಕೂಗಿರಿ, ಆ ಹಣ ಡೀಸೆಲಿಗಾಗಲಿ, ಗೆದ್ದವರು ಏನು ಹೇಳುತ್ತಾರೋ ಅದನ್ನು ಗಾಡಿಯ ಮೇಲೆ ಬರೆಸಿರಿ. ಗಾಡಿಯ ಮೇಲೆ ಹೆಸರು ಮೂಡುತ್ತದೆಂದರೆ ಯಾರಿಗೆ ಬೇಡ? ಶಿರಗುಪ್ಪಿಯಿಂದ ಬಂದಿದ್ದ ಕಬ್ಬಿನ ಕುಳ ಒಬ್ಬರು ಕೂಗಿದರು, ನಮ್ಮೂರಿನವರು ಮೀರಿಸಿದರು. ಕೊನೆಗೆ ಎಲ್ಲರನ್ನೂ ಮೀರಿಸಿದ್ದು ಕಾಕುವೇ. ಕಬ್ಬಿನ ಹೊಲ ಅವರ ಹೆಸರಿನಲ್ಲೇ ಇತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಪೇಂಟರ್ ಬಂದಾಗ ಹೆಸರು ಬರೆಸಲಿಲ್ಲ. ಒಂದು ಸಾಲು ಬರೆಸಿದರು: ‘ಎಲ್ಲಿಗೆ ಅಂತ ಕೇಳಬ್ಯಾಡ’.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಸಾಲು ನನಗೆ ಹೊಳೆಯಬೇಕಿತ್ತು. ಓದಿದವಳು ನಾನು, ಬರೆಯುವವಳು ನಾನು. ನನ್ನ ಗ್ರಂಥಾಲಯವನ್ನೂ ಅವರೇ ಉಳಿಸಿಕೊಟ್ಟಿದ್ದರು, ನನಗೆ ಮಾತ್ರ ಮತ್ತೆ ಹೊಟ್ಟೆಕಿಚ್ಚೇ ಆಯಿತು.

ಈಗ ಗಾಡಿ ಕರೆದ ಕೂಡಲೇ ಬರುತ್ತದೆ. ಪ್ರತಿ ವರ್ಷ ಸವಾಲು ನಡೆಯುತ್ತದೆ. ಗೆದ್ದವರು ಇನ್ನೊಂದು ಬದಿಗೆ ಹೆಸರು ಬರೆಸುತ್ತಾರೆ, ಕಾಕು ಬರೆಸಿದ ಸಾಲನ್ನು ಯಾರೂ ಅಳಿಸಿಲ್ಲ. ಪಕ್ಕದ ಮನೆಯಿಂದ ನನಗಿಂತ ಮೊದಲು ಕರೆಯುವವರಿಲ್ಲ. ನಾನು ಬಯಸಿದ್ದು ಇದನ್ನೇ.

ಕುರ್ಚಿಗೆ ಬೆಲ್ಟ್ ಬಿಗಿದು, ಎಲ್ಲಿಗೆ ಅಂತ ಕೇಳದೆ ಡ್ರೈವರ್ ಗಾಡಿ ಚಾಲೂ ಮಾಡಿದ. ಬಾಯಿಗೆ ಬಂದಿದ್ದ ಚಿಕ್ಕೋಡಿಯನ್ನು ನುಂಗಿಕೊಂಡು, “ಸೇತುವಿ ಕಡೆ ನಡಿ,” ಎಂದೆ.

ಸೇತುವೆಯ ನಡುವೆ ಅವನೇ ಗಾಡಿ ನಿಲ್ಲಿಸಿದ. “ಕಾಕುನೂ ಇಲ್ಲೇ ನಿಲ್ಲಸ್ತಿದ್ರು, ಅಕ್ಕಾ.”

“ಏನ್ ನೋಡ್ತಿದ್ರು?”

“ನಾ ಕೇಳಿಲ್ರಿ. ಕೇಳಬ್ಯಾಡ ಅಂದಿದ್ರಲ್ಲ.”

ಕೆಳಗೆ ನದಿ ಇತ್ತು, ಆಚೆ ದಡದಲ್ಲಿ ಕಬ್ಬು ಇತ್ತು. ಎಷ್ಟು ಹೊತ್ತು ನೋಡಿದರೂ ಅಷ್ಟೇ ಕಂಡಿತು…