ಸಮುವೇಲ ಸರ್ ಕೊಟ್ಟ ಮಾತು

ಸಮುವೇಲ ಸರ್ ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಮಾಡುತ್ತಿದ್ದರು. ಕಾಲೇಜಿನ ಗೇಟು ಕಾಣುವ ಕಿಟಕಿಯ ಮುಂದೆ ಕೈ ಜೋಡಿಸಿ ನಿಂತು, ಒಳಬರುವ ಹುಡುಗಿಯರನ್ನು ನೋಡುತ್ತ ದೇವರ ಜೊತೆ ಮಾತಿಗಿಳಿಯುವರು. ಕೋಣೆಯ ಬಾಗಿಲು ತೆರೆದೇ ಇರುತ್ತಿದ್ದರಿಂದ ವರಾಂಡದಲ್ಲಿದ್ದ ನಮಗೆ ಎಲ್ಲ ಕೇಳಿಸುತ್ತಿತ್ತು. "ತಂದೀ, ರಬಕವಿ ಹುಡಿಗ್ಯಾರು ಬಂದ್ರು. ಮಹಾದೇವಿ ಇವತ್ತೂ ಬಂದಿಲ್ಲ, ಏನಾಗೇತೋ ನೋಡು. ನೀ ಈಗ ನೋಡು, ಸಂಜಿಕ ನಾನೂ ಹೋಗಿ ನೋಡತೇನಿ." ನಾವು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದೆವು. ದೇವರನ್ನು ಹೀಗೆ ಕೆಲಸಕ್ಕೆ ಹಚ್ಚಿದವರನ್ನು ನಾನು ಬೇರೆ ಕಂಡಿಲ್ಲ.

ಅವರು ಹುನ್ನೂರಿನವರು. ಜಮಖಂಡಿಯಲ್ಲಿದ್ದ ಮಾಸ್ತರಿಕೆ ಬಿಟ್ಟು, ಬನಹಟ್ಟಿಯಲ್ಲಿ ಮುಚ್ಚಿಹೋಗಿದ್ದ ಮಗ್ಗದ ಶೆಡ್ಡೊಂದನ್ನು ಹಿಡಿದು ಹೆಣ್ಣುಮಕ್ಕಳ ಕಾಲೇಜು ತೆರೆದರು. ಗೋಡೆಗೆ ಸುಣ್ಣ ಹೊಡೆದವರೂ ಅವರೇ, ಇಂಗ್ಲಿಷ್ ಕಲಿಸಿದವರೂ ಅವರೇ. ಎರಡರಲ್ಲಿ ಸುಣ್ಣವೇ ಛಲೋ ಆಗಿದೆ ಎಂದು ನಾವು ಚೇಷ್ಟೆ ಮಾಡಿದರೆ ನಮಗಿಂತ ಜೋರಾಗಿ ನಗುವರು.

ಎರಡನೇ ವರ್ಷ ಅಪ್ಪ ನನ್ನ ಕಾಲೇಜು ಬಿಡಿಸಿದ. ನಮ್ಮದು ನೇಕಾರರ ಮನೆ. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ನನ್ನ ಪಾಲಿನ ಕೆಲಸ. ನಾನಿಲ್ಲದಿದ್ದರೆ ಮಗ್ಗ ನಿಲ್ಲುತ್ತಿತ್ತು. ಮೂರನೇ ದಿನ ಸಂಜೆ ಸರ್ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ನಾನು ಬಾಗಿಲ ಹಿಂದೆ ನಿಂತೆ. ಇವತ್ತು ಓದು ತಪ್ಪಿದರೆ ಮುಂದಿನದೆಲ್ಲ ತಪ್ಪಿತು ಅನ್ನಿಸುತ್ತಿತ್ತು.

"ಕಂಡಿಕಿ ಯಾರ ಸುತ್ತಬೇಕ್ರಿ ಸರ್?" ಅಪ್ಪ ಕೇಳಿದ.

"ನಾಳಿಂದ ಕಾಲೇಜ ಮುಂಜಾನೆ ಏಳಕ್ಕ ಚಾಲೂ ಮಾಡತೇನಿ. ಹನ್ನೊಂದಕ್ಕ ಹುಡಿಗಿ ಮನ್ಯಾಗಿರತಾಳ."

"ಮುಂಜಾನೆ ನಿಮ್ಮ ಪ್ರಾರ್ಥನಿ ಇರತೈತಂತಲ್ಲರಿ?"

"ದೇವ್ರಿಗೇನ ಕಂಡಿಕಿ ಸುತ್ತೂದೈತೇನ್ರಿ ಈರಪ್ಪನವರ? ಆಂವ ಕಾಯ್ತಾನ."

ಅಪ್ಪನಿಗೂ ನಗು ಬಂತು. ಆದರೆ ಅವನ ಮನಸ್ಸಿನಲ್ಲಿದ್ದುದು ಬೇರೆಯೇ. "ಖರೆ ಹೇಳತೇನ್ರಿ ಸರ್. ಹುಡಿಗ್ಯಾರನ್ನ ನಿಮ್ಮ ಧರ್ಮಕ್ಕ ಎಳಕೋತೀರಿ ಅಂತ ಓಣ್ಯಾಗ ಮಂದಿ ಮಾತಾಡಾಕತ್ತಾರ. ನನ್ನ ಮಗಳ ಮುಂದ ನಿಮ್ಮ ದೇವ್ರ ಹೆಸರ ಎತ್ತಬಾರದು, ಚರ್ಚಿಗೆ ಕರೀಬಾರದು. ಮಾತ ಕೊಡತೀರೇನು?"

ಸರ್ ಒಮ್ಮೆ ನಾನು ನಿಂತಿದ್ದ ಬಾಗಿಲ ಕಡೆ ನೋಡಿದರು. ದೇವರ ಹೆಸರು ಹೇಳದೆ ಚಹಾ ಕೂಡ ಕುಡಿಯುತ್ತಿದ್ದವರಲ್ಲ ಅವರು. ಕೊನೆಗೆ, "ಆತ್ರಿ, ಕೊಟ್ಟೆ," ಎಂದರು.

ಕಾಲೇಜು ಏಳಕ್ಕೆ ಶುರುವಾಯಿತು. ಪ್ರಾರ್ಥನೆ ಪಾಠ ಮುಗಿದ ಮೇಲೆ, ಅದೂ ಬಾಗಿಲು ಮುಚ್ಚಿಕೊಂಡು. ಮನೆಗೆ ಹೊರಟ ನಾವು ಹಳೇ ರೂಢಿಯಂತೆ ವರಾಂಡದಲ್ಲಿ ಒಂದು ಗಳಿಗೆ ನಿಲ್ಲುವೆವು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಓದು ಉಳಿಯಿತೆಂದು ಹಿಗ್ಗಿದ್ದ ನನಗೆ ಆ ಮುಚ್ಚಿದ ಬಾಗಿಲು ನೋಡಿದಾಗಲೆಲ್ಲ ಕಸಿವಿಸಿ ಆಗುತ್ತಿತ್ತು.

ಮುಂದೆ ಧಾರವಾಡದಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿಗೆ ಪಾಠ ಮಾಡಲು ಬಂದೆ. ಪ್ರತಿ ಕ್ರಿಸ್‌ಮಸ್ಸಿಗೆ ಸರ್ ಮನೆಯಿಂದ ಕರಿಗಡಬಿನ ಡಬ್ಬಿ ಬರುತ್ತಿತ್ತು. ಚರ್ಚಿಗೆ ಬಾ ಎಂಬ ಮಾತು ಬರಲಿಲ್ಲ. ಅಪ್ಪ ತೀರಿಹೋದ ಮೇಲೂ ಬರಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಹುನ್ನೂರಿಗೆ ಹೋಗಿದ್ದೆ. ತುಂಬ ದಿನದಿಂದ ಒಳಗೇ ಇದ್ದ ಪ್ರಶ್ನೆಯನ್ನು ಅಂದು ಕೇಳಿಯೇ ಬಿಟ್ಟೆ: "ಅಪ್ಪ ಹೋಗಿ ಎಷ್ಟ ವರ್ಷಾತರಿ ಸರ್. ಒಮ್ಮೆನೂ ನನ್ನ ಕರೀಲಿಲ್ಲ ನೀವು. ಕರೀಬೇಕು ಅನಸಲಿಲ್ಲೇನ್ರಿ?"

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

"ದಿನಾ ಅನಸ್ತಿತ್ತ, ನನ್ನವ್ವಾ. ನನ್ನ ಕಡೆ ಭಾಳ ಛಲೋದು ಅಂತ ಇದ್ದದ್ದು ಅದೊಂದ. ನಿಮ್ಮಪ್ಪಗ ಮಾತ ಕೊಟ್ಟಮ್ಯಾಲ ಅದನ್ನ ನಿನಗ ಕೊಡಾಕ ಬರತಿರಲಿಲ್ಲ."

ಹದಿನೈದು ದಿನಕ್ಕೆ ಸರ್ ಹೋದರು. ಮಣ್ಣು ಮಾಡುವ ದಿನ ಮೊದಲ ಸಲ ಚರ್ಚಿನ ಒಳಗೆ ಕಾಲಿಟ್ಟೆ. ನಮ್ಮ ದೇವರನ್ನು ನಾನೇನೂ ಬಿಟ್ಟಿಲ್ಲ. ಈಗಲೂ ಮುಂಜಾನೆ ವಿಭೂತಿ ಹಚ್ಚಿಕೊಂಡೇ ಕಾಲೇಜಿಗೆ ಹೋಗುತ್ತೇನೆ. ಆದರೂ ಅವರು ಒಂದೇ ಒಂದು ಸಲ ಬಾ ಎಂದಿದ್ದರೆ ಬಂದು ಪಕ್ಕದಲ್ಲಿ ಕೂತಿರುತ್ತಿದ್ದೆನಲ್ಲ ಎಂದು, ಅವರ ಪೆಟ್ಟಿಗೆಯ ಹತ್ತಿರದ ಬೆಂಚಿನಲ್ಲಿ ಕೂತು, ಜನ ನೋಡುತ್ತಾರೆಂಬ ಖಬರಿಲ್ಲದೆ ಅತ್ತೆ.