ಹೊಳೆಗೆ ವಿಷ ಬಿದ್ದ ದಿನ

ನಾನು ಚಿಕ್ಕವಳಿದ್ದಾಗ, ಬೇಸಿಗೆ ಬಂತೆಂದರೆ ಶಂಕರನಾರಾಯಣ ಊರಿನ ಆಚೆಗಿನ ನಮ್ಮ ಹೊಳೆ ತೀರಾ ಸೊರಗಿಬಿಡುತ್ತಿತ್ತು. ಬಂಡೆಗಳ ನಡುವೆ ಒಂದು ಆಳದ ಗುಂಡಿ ಉಳಿದು, ಅದರಿಂದ ಸಣ್ಣದೊಂದು ತೊರೆ ಕೆಳಗಿನ ಮನೆಗಳ ಕಡೆ ಜಾರುತ್ತಿತ್ತು. ಮೀನೆಲ್ಲ ಆ ಗುಂಡಿಯಲ್ಲೇ ಮಳೆಗೆ ಕಾಯುತ್ತಿದ್ದವು. ನೀರಿಗೆ ಕಾಲು ಇಳಿಬಿಟ್ಟರೆ ಮರಿಗಳು ಬಂದು ಕಚಗುಳಿ ಇಡುತ್ತಿದ್ದವು.

ಒಂದು ಬೆಳಿಗ್ಗೆ ಅಕ್ಕ ಮತ್ತು ನಾನು ಬಟ್ಟೆ ಒಗೆಯಲು ಹೋದಾಗ ಮೂಗು ಉರಿಸುವ ಘಾಟು ಹಬ್ಬಿತ್ತು. ಏಡಿಗಳು ಒಂದರ ಮೇಲೊಂದು ಹತ್ತಿ ಮರಳಿಗೆ ಬಂದು ಬಿದ್ದಿದ್ದವು. ದೊಡ್ಡ ದೊಡ್ಡ ಮುಗುಡು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತ, ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿದ್ದವು. ಚಿಕ್ಕಪ್ಪ ನೀರಿನಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದ. ಬಂಡೆಯ ಮೇಲೆ, ಗದ್ದೆಯ ಹುಳುವಿಗೆ ಹೊಡೆಯುವ ಔಷಧಿಯ ಖಾಲಿ ಡಬ್ಬಿ ಇತ್ತು.

"ಎಂತಕ್ಕೆ ನೋಡ್ತಾ ನಿಂತದ್ದ್? ಹೆಕ್ಕಿ!" ಎಂದು ನಕ್ಕ.

ಅಕ್ಕ ಲಂಗ ಎತ್ತಿಕಟ್ಟುವಷ್ಟರಲ್ಲಿ ಅಪ್ಪ ಓಡಿಬಂದ. ಘಾಟು ಮನೆಯವರೆಗೂ ಮುಟ್ಟಿತ್ತು. ಡಬ್ಬಿ ನೋಡಿದವನೇ, "ಕೆಳ್ಗಿನ ಮನಿಯವ್ರಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿದ.

"ನೀರ್ ಅಲ್ಲಿಗ್ ಹೋಪತಿಗೆ ಎಲ್ಲ ಕರ್ಗಿ ಹೋತ್ತ್, ಬಿಡ್," ಎಂದ ಚಿಕ್ಕಪ್ಪ.

ಅಪ್ಪ ತೊರೆಯುದ್ದಕ್ಕೂ ಓಡಿದ. ನಾವಿಬ್ಬರೂ ಹಿಂದೆ ಓಡಿದೆವು. "ಹ್ವಾಯ್! ಹೊಳಿ ನೀರ್ ಮುಟ್ಬೇಡಿ! ವಿಷ ಬಿದ್ದಿತ್ತ್!" ಎಂದು ಕೂಗಿ ಕೂಗಿ ಅವನ ಗಂಟಲು ಬಿದ್ದುಹೋಯಿತು. ಕೊಡ ತುಂಬುತ್ತಿದ್ದ ಹೆಂಗಸರು ನೀರು ಚೆಲ್ಲಿ, ಮಕ್ಕಳನ್ನು ಎತ್ತಿಕೊಂಡು ದಡ ಹತ್ತಿದರು.

ಕೊನೆಯ ಮನೆಯಲ್ಲಿ ಒಬ್ಬಳೇ ಮುದುಕಿ ಇದ್ದಳು. ಎಮ್ಮೆಯ ಹಾಲೇ ಅವಳ ಜೀವನ. ನಾವು ಮುಟ್ಟುವ ಹೊತ್ತಿಗೆ ಆ ಎಮ್ಮೆ ನೀರು ಕುಡಿದಾಗಿತ್ತು. ಬಾಯಲ್ಲಿ ನೊರೆ ಬಂತು, ಕಾಲು ನಡುಗಿತು, ಕುಸಿಯಿತು. ಅಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಧ್ಯಾಹ್ನಕ್ಕೆ ಉಸಿರು ನಿಂತಿತು. ಕರು ಆಮೇಲೂ ಕೆಚ್ಚಲಿಗೆ ಬಾಯಿ ಹಾಕುತ್ತಿತ್ತು. ಅಕ್ಕ ಅದನ್ನು ಎಳೆದು ಕಟ್ಟಿದಳು.

ಅಷ್ಟರಲ್ಲಿ ಜನ ಸೇರಿದ್ದರು. "ಮೇಲಿನೂರವ್ರ್ ಕೆಲ್ಸವೇ ಇದ್," ಎಂದ ಒಬ್ಬ. "ಹೌದ್, ಅವ್ರದ್ದೇ," ಎಂಬ ಮಾತು ಹಿಂದಿನಿಂದ ಬಂತು. ಅದು ಚಿಕ್ಕಪ್ಪನ ದನಿ.

ಮುದುಕಿ ಅಪ್ಪನ ಮುಖವನ್ನೇ ನೋಡಿದಳು. "ಓಡಿ ಬಂದವ ನೀನ್. ನಿಂಗ್ ಗೊತ್ತಿತ್ತ್. ಯಾರ್ ಹಾಕದ್ದ್, ಹೇಳ್."

"ಮೇಲಿನೂರವ್ರಲ್ಲ. ನನ್ ತಮ್ಮನೇ ಹಾಕದ್ದ್," ಎಂದ ಅಪ್ಪ.

ನಾನು ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಿರುಗಿ ನೋಡಿದಾಗ ಚಿಕ್ಕಪ್ಪ ಅಲ್ಲಿರಲಿಲ್ಲ.

ಮಾರನೆಯ ದಿನ ಅಪ್ಪ ನಮ್ಮ ಹಟ್ಟಿಯ ಹಾಲು ಕೊಡುವ ಎಮ್ಮೆಯನ್ನು ಬಿಚ್ಚಿ ಮುದುಕಿಯ ಮನೆಗೆ ಹೊಡೆದುಕೊಂಡು ಹೋದ. ಅಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ಚಿಕ್ಕಪ್ಪ ಬೇರೆ ಒಲೆ ಹೂಡಿದ. ಅಣ್ಣ ತಮ್ಮಂದಿರು ಸಾಯುವವರೆಗೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಅಪ್ಪ ಸರಿ ಮಾಡಿದನೆಂದು ಹೊಗಳಿದವರನ್ನು ನಾನು ಕಾಣೆ. ಮನೆ ಒಡೆದವ ಎಂದವರೇ ಹೆಚ್ಚು. ಆ ವರ್ಷದ ಮಳೆಗೆ ಹೊಳೆ ಕೆಂಪಾಗಿ ತುಂಬಿ ಹರಿಯಿತು. ಮುಂದಿನ ಬೇಸಿಗೆಯಲ್ಲಿ ಗುಂಡಿಗೆ ಕಾಲು ಇಳಿಬಿಟ್ಟು ಎಷ್ಟು ಹೊತ್ತು ಕೂತರೂ ಏನೂ ಬಂದು ಮುಟ್ಟಲಿಲ್ಲ.

ಮಕ್ಕಳೇ, ಈಗ ನೀವು ತಲ್ಲೂರಿನಲ್ಲಿ, ಹೆದ್ದಾರಿಯ ಬದಿಯ ಮನೆಯಲ್ಲಿದ್ದೀರಿ. ಕುಡಿಯುವ ನೀರು ನಿಮಗೆ ಕ್ಯಾನಿನಲ್ಲಿ ಬರುತ್ತದೆ. ಮೊನ್ನೆ ನೀವು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಿರಿ. ಯಾವುದೋ ಹೊಳೆಯಲ್ಲಿ, ಕಣ್ಣು ಹಾಯುವವರೆಗೆ ಬಿಳಿ ಹೊಟ್ಟೆಯ ಮೀನುಗಳು. "ಅಜ್ಜಿ, ಇದ್ ಯಾರ್ ಮಾಡದ್ದ್?" ಎಂದು ಕೇಳಿದಿರಿ. ಬಿಸಿಲಿಗೆ ಸತ್ತಿರಬೇಕು ಎಂದರು ಮನೆಯಲ್ಲಿ ಕೆಲವರು, ಯಾವುದೋ ಕಾರ್ಖಾನೆಯ ನೀರು ಎಂದರು ಇನ್ನು ಕೆಲವರು. ಸಂಜೆಗೆ ಎಲ್ಲರೂ ಮರೆತರು. ಆ ವಿಡಿಯೋದಲ್ಲಿ ಸೇತುವೆಯ ಮೇಲೆ ಸಾಲಾಗಿ ನಿಂತು ಫೋನು ಹಿಡಿದಿದ್ದ ಜನರ ನಡುವೆಯೇ ಅದನ್ನು ಮಾಡಿದವನೂ ಇದ್ದಿರಬಹುದು. ಅವನ ಪಕ್ಕದಲ್ಲಿ, ಎಲ್ಲ ಗೊತ್ತಿದ್ದೂ, ಅವನ ಅಣ್ಣ ಬಾಯಿ ಮುಚ್ಚಿ ನಿಂತಿದ್ದಿರಬಹುದು.